ಪುಡಿಯೋ, ಗುಳಿಗೆಯೋ? ಮಾಂಸದ ಕೋಳಿಯ ಆಹಾರದ ರೂಪ ಮತ್ತು ನಮ್ಮ ಲಾಭನಷ್ಟ



ಹೊಸೂರು, ಮತ್ತಿಗಿರಿ, ಕೆಲಮಂಗಲ, ತಳಿ, ಡೆಂಕಣಿಕೋಟೆ ಸುತ್ತಮುತ್ತಲ ನಮ್ಮ ಕುಟುಂಬಗಳಿಗೆ ಮಾಂಸದ ಕೋಳಿ ಸಾಕಣೆ ಈಗ ಹೊಸ ಕಸುಬಲ್ಲ. ರಾಗಿ, ಅವರೆ, ಹುರುಳಿ ಬೆಳೆಯುವ ಹೊಲಗಳ ಮಗ್ಗುಲಲ್ಲೇ ಶೀಟು ಹೊದಿಸಿದ ಉದ್ದನೆಯ ಷೆಡ್‌ಗಳು ಎದ್ದು ನಿಂತಿವೆ. ಕೆಲವರು ಕಂಪನಿಯ ಒಪ್ಪಂದದಲ್ಲಿ ಸಾಕುತ್ತಾರೆ. ಮರಿ, ಆಹಾರ, ಔಷಧಿ ಕಂಪನಿಯದು. ಷೆಡ್ಡು, ಕರೆಂಟು, ನೀರು, ಮೈಮುರಿಯುವ ದುಡಿಮೆ ನಮ್ಮದು. ಕೆಲವರು ಐನೂರು ಸಾವಿರ ಮರಿ ತಂದು ಸ್ವಂತಕ್ಕೆ ಸಾಕಿ, ಸಂತೆಗೋ ಅಂಗಡಿಗೋ ಮಾರುತ್ತಾರೆ. ಇನ್ನು ಕೆಲವರ ಮನೆಯ ಹಿತ್ತಲಲ್ಲಿ ಹತ್ತಿಪ್ಪತ್ತು ಕೋಳಿ ಮಾತ್ರ ಇವೆ. ಈ ಮೂರು ಬಗೆಯವರೂ ಕೇಳುವ ಪ್ರಶ್ನೆ ಒಂದೇ: ಪುಡಿ ಆಹಾರ ಒಳ್ಳೆಯದೋ, ಗುಳಿಗೆ ಆಹಾರ ಒಳ್ಳೆಯದೋ?

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಗುಳಿಗೆ ತಿಂದ ಮಾಂಸದ ಕೋಳಿ ಬೇಗ ಬೆಳೆಯುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಗುಳಿಗೆಯು ಗುಳಿಗೆಯಾಗಿಯೇ ಕೋಳಿಯ ಕೊಕ್ಕಿಗೆ ತಲುಪಬೇಕು. ಚೀಲದ ಮೇಲೆ ಗುಳಿಗೆ ಎಂದು ಅಚ್ಚಾಗಿದ್ದು ಒಳಗೆ ಕಾಲುಭಾಗ ಪುಡಿ ಇದ್ದರೆ, ಗುಳಿಗೆಯ ಬೆಲೆ ತೆತ್ತು ಪುಡಿಯ ಬೆಳವಣಿಗೆ ಪಡೆದಂತೆ. ಆ ನಷ್ಟ ಇಂದು ಯಾವ ಲೆಕ್ಕದಲ್ಲೂ ಕಾಣದೆ ರೈತನ ತಲೆಯ ಮೇಲೆ ಬೀಳುತ್ತಿದೆ. ಅದನ್ನು ತೂಗಿ, ಬರೆದು, ಕೇಳುವ ರೂಢಿಯನ್ನು ನಾವು ಬೆಳೆಸಿಕೊಳ್ಳಬೇಕು.

ಮೂರು ರೂಪ, ಒಂದೇ ಸಾಮಗ್ರಿ

ಕೋಳಿ ಆಹಾರ ಮೂರು ರೂಪದಲ್ಲಿ ಸಿಗುತ್ತದೆ. ಮುಸುಕಿನ ಜೋಳ, ಸೋಯಾ ಹಿಂಡಿ, ಎಣ್ಣೆ, ಖನಿಜ, ಜೀವಸತ್ವ ಎಲ್ಲವನ್ನೂ ಒಡೆದು ಬೆರೆಸಿ ಹಾಗೆಯೇ ಕೊಡುವುದು ಪುಡಿ ಆಹಾರ, ಅಂದರೆ ಮ್ಯಾಶ್. ಅದೇ ಮಿಶ್ರಣಕ್ಕೆ ಬಿಸಿ ಹಬೆ ಹಾಯಿಸಿ, ಸಾಮಾನ್ಯವಾಗಿ 80 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಕಾಯಿಸಿ, 3ರಿಂದ 4 ಮಿಲಿಮೀಟರ್ ತೂತುಗಳ ಉಕ್ಕಿನ ಅಚ್ಚಿನ ಮೂಲಕ ಒತ್ತಿ, ಕತ್ತರಿಸಿ, ಆರಿಸಿದರೆ ಗುಳಿಗೆ, ಅಂದರೆ ಪೆಲೆಟ್. ಮನೆಯಲ್ಲಿ ಶಾವಿಗೆ ಒತ್ತುವ ಕೆಲಸವನ್ನೇ ದೊಡ್ಡ ಯಂತ್ರದಲ್ಲಿ ಮಾಡಿದಂತೆ. ಗುಳಿಗೆಯನ್ನು ಉರುಳೆಗಳ ನಡುವೆ ಹಾಯಿಸಿ ನುಚ್ಚು ಮಾಡಿದರೆ ಅದು ಕ್ರಂಬಲ್. ಎಳೆಯ ಮರಿಗೆ ಗುಳಿಗೆ ದೊಡ್ಡದಾಗುವುದರಿಂದ ಮೊದಲ ದಿನಗಳಲ್ಲಿ ನುಚ್ಚನ್ನೇ ಕೊಡುತ್ತಾರೆ.

ಒಳಗಿನ ಸಾರ ಮೂರರಲ್ಲೂ ಒಂದೇ ಇರಬಹುದು. ಭಾರತೀಯ ಮಾನಕ ಬ್ಯೂರೋ 2007ರಲ್ಲಿ ಹೊರಡಿಸಿದ ಮಾನಕದ ಪ್ರಕಾರ ಮಾಂಸದ ಕೋಳಿಗೆ ಮೊದಲ ಹಂತದ ಆಹಾರದಲ್ಲಿ ನೂರಕ್ಕೆ 23, ಎರಡನೆಯದರಲ್ಲಿ 22, ಕೊನೆಯದರಲ್ಲಿ 20 ಭಾಗ ಸಸಾರಜನಕ ಇರಬೇಕು. ಶಕ್ತಿಯ ಅಂಶ ಕ್ರಮವಾಗಿ ಕಿಲೋಗೆ 3000, 3100, 3200 ಕಿಲೋ ಕ್ಯಾಲೊರಿ. ಪುಡಿಯಾದರೂ ಗುಳಿಗೆಯಾದರೂ ಈ ಅಳತೆ ಬದಲಾಗುವುದಿಲ್ಲ. ಹಾಗಿದ್ದ ಮೇಲೆ ರೂಪ ಬದಲಾದ ಮಾತ್ರಕ್ಕೆ ಬೆಳವಣಿಗೆ ಯಾಕೆ ಬದಲಾಗಬೇಕು?

ಕೋಳಿ ಹೇಗೆ ತಿನ್ನುತ್ತದೆ

ಕೋಳಿಗೆ ಹಲ್ಲಿಲ್ಲ, ಬಾಯಲ್ಲಿ ನೀರೂರುವುದೂ ಕಡಿಮೆ. ಅದು ನೆಕ್ಕಿ ತಿನ್ನುವುದಿಲ್ಲ, ಒಂದೊಂದೇ ಕಾಳನ್ನು ಕೊಕ್ಕಿನಿಂದ ಹೆಕ್ಕಿ ನುಂಗುತ್ತದೆ. ನುಣ್ಣನೆಯ ಹಿಟ್ಟು ಕೊಕ್ಕಿಗೆ ಅಂಟಿಕೊಳ್ಳುತ್ತದೆ. ಅದನ್ನು ತೊಳೆಯಲು ಕೋಳಿ ನೀರಿನ ಕಡೆ ಓಡುತ್ತದೆ, ನೀರಿನ ತಟ್ಟೆಯಲ್ಲಿ ಹಿಟ್ಟು ಕದಡಿ ಹುಳಿಯಾಗುತ್ತದೆ. ಮತ್ತೆ ಬಂದು ಹೆಕ್ಕುತ್ತದೆ. ಹೀಗೆ ಓಡಾಟದಲ್ಲೇ ಹೊತ್ತು ಹೋಗುತ್ತದೆ, ಹೊತ್ತಿನ ಜೊತೆಗೆ ತಿಂದ ಆಹಾರದ ಶಕ್ತಿಯೂ ಹೋಗುತ್ತದೆ.

ಈ ಓಡಾಟವನ್ನು ಗಡಿಯಾರ ಹಿಡಿದು ಅಳೆದವರಿದ್ದಾರೆ. ಅಮೆರಿಕದಲ್ಲಿ ಜೆನ್ಸೆನ್ ಮತ್ತು ಸಂಗಡಿಗರು 1962ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೂರರಿಂದ ನಾಲ್ಕು ವಾರದ ಕೋಳಿಮರಿಗಳು ಹನ್ನೆರಡು ಗಂಟೆಯ ಹಗಲಿನಲ್ಲಿ ಪುಡಿ ತಿನ್ನಲು 103 ನಿಮಿಷ ಕಳೆದವು. ಅದೇ ಆಹಾರವನ್ನು ಗುಳಿಗೆಯಾಗಿ ಕೊಟ್ಟಾಗ 34 ನಿಮಿಷ ಸಾಕಾಯಿತು. ಉಳಿದ ಒಂದು ಗಂಟೆಗೂ ಹೆಚ್ಚು ಹೊತ್ತು ಗುಳಿಗೆ ತಿಂದ ಮರಿ ಮಲಗಿರುತ್ತದೆ. ಮಲಗಿದ ಕೋಳಿ ಖರ್ಚು ಮಾಡದ ಶಕ್ತಿಯೇ ಮಾಂಸವಾಗುತ್ತದೆ.

ಎರಡನೆಯ ಕಾರಣ ಆರಿಸಿ ತಿನ್ನುವ ಗುಣ. ಪುಡಿ ಆಹಾರ ಹಾಕಿದರೆ ಬಲವಾದ ಕೋಳಿ ಮೊದಲು ಜೋಳದ ದಪ್ಪ ಚೂರುಗಳನ್ನು ಹೆಕ್ಕಿಬಿಡುತ್ತದೆ. ತಳದಲ್ಲಿ ಉಳಿಯುವ ಧೂಳಿನಲ್ಲಿಯೇ ಖನಿಜ, ಜೀವಸತ್ವ, ಮಿಥಿಯೋನಿನ್ ಮುಂತಾದ ಬೆಲೆಬಾಳುವ ಸಾಮಗ್ರಿ ಇರುತ್ತದೆ. ಹಿಂದೆ ಬಂದ ಬಡಕಲು ಕೋಳಿಗೆ ಆ ಧೂಳೇ ಗತಿ. ಬ್ಯಾಚಿನಲ್ಲಿ ಒಂದು ಎರಡೂವರೆ ಕಿಲೋ, ಇನ್ನೊಂದು ಒಂದೂವರೆ ಕಿಲೋ ತೂಗುವ ಏರುಪೇರಿಗೆ ಇದೂ ಒಂದು ಕಾರಣ. ಗುಳಿಗೆಯಲ್ಲಾದರೆ ಪ್ರತಿ ತುತ್ತಿನಲ್ಲೂ ಎಲ್ಲವೂ ಇರುತ್ತದೆ, ಆರಿಸುವ ಅವಕಾಶವೇ ಇಲ್ಲ. ಜೊತೆಗೆ ನೆಲಕ್ಕೆ ಚೆಲ್ಲಿ ಹೊಟ್ಟಿನಲ್ಲಿ ಬೆರೆತು ಹೋಗುವುದೂ ಕಡಿಮೆ.

“ಪುಡಿಯಾದರೇನು, ಅದೇ ಆಹಾರ ತಾನೇ?”

ಚೀಲದ ತಳದಲ್ಲಿ ಪುಡಿ ಜಾಸ್ತಿ ಇದೆ ಎಂದು ದೂರಿದರೆ ಸೂಪರ್‌ವೈಸರ್ ಹೇಳುವ ಮಾತು ಇದು. ಕೇಳಲು ಸರಿಯಾಗಿಯೇ ಇದೆ. ಗುಳಿಗೆ ಒಡೆದು ಪುಡಿಯಾದರೆ ಅದರ ಸಸಾರಜನಕ ಎಲ್ಲಿಗೂ ಹೋಗುವುದಿಲ್ಲ, ತೂಕವೂ ಕಡಿಮೆಯಾಗುವುದಿಲ್ಲ. ಆದರೆ ಮೇಲೆ ಹೇಳಿದ ಲಾಭ ಬಂದದ್ದು ಸಾರದಿಂದಲ್ಲ, ರೂಪದಿಂದ. ರೂಪ ಹೋದರೆ ಲಾಭವೂ ಹೋಗುತ್ತದೆ.

ಇದನ್ನೂ ಅಂಕಿಯಲ್ಲಿ ಹೇಳಬಹುದು. ಅಮೆರಿಕದ ಮೆಕಿನ್ನಿ ಮತ್ತು ಟೀಟರ್ ಎಂಬ ಇಬ್ಬರು ವಿಜ್ಞಾನಿಗಳು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪುಡಿಯೇ ಇಲ್ಲದ ಗಟ್ಟಿ ಗುಳಿಗೆಯಿಂದ ಕೋಳಿಗೆ ಸಿಗುವ ಲಾಭವು ಒಂದು ಕಿಲೋ ಆಹಾರಕ್ಕೆ 187 ಕಿಲೋ ಕ್ಯಾಲೊರಿ ಹೆಚ್ಚು ಶಕ್ತಿ ಸೇರಿಸಿದ್ದಕ್ಕೆ ಸಮ ಎಂದು ಕಂಡಿತು. 3200 ಕ್ಯಾಲೊರಿಯ ಆಹಾರದಲ್ಲಿ ಇದು ನೂರಕ್ಕೆ ಸುಮಾರು 6 ಭಾಗ. ಪುಡಿಯ ಪಾಲು ಹೆಚ್ಚಿದಂತೆ ಈ ಲಾಭ ಇಳಿಯುತ್ತಾ ಹೋಯಿತು. ಕಾರಣ ಅದೇ: ಗುಳಿಗೆ ತಿಂದ ಕೋಳಿ ಹೆಚ್ಚು ಹೊತ್ತು ಮಲಗಿತ್ತು, ಪುಡಿಯಲ್ಲಿ ಕೆದಕುವ ಕೋಳಿ ಹೆಚ್ಚು ಹೊತ್ತು ನಿಂತೇ ಇತ್ತು. ಆದ್ದರಿಂದ “ಅದೇ ಆಹಾರ ತಾನೇ” ಎಂಬ ಮಾತನ್ನು ನಾವು ಒಪ್ಪುವುದಿಲ್ಲ. ಸಾಮಗ್ರಿ ಅದೇ, ಫಲ ಬೇರೆ.

ಲೆಕ್ಕ ಹಾಕಿ ನೋಡೋಣ

ಎಷ್ಟು ಕಿಲೋ ಆಹಾರ ತಿಂದು ಒಂದು ಕಿಲೋ ತೂಕ ಬಂತು ಎನ್ನುವುದಕ್ಕೆ ನಾವು ಎಫ್‌ಸಿಆರ್ ಎನ್ನುತ್ತೇವೆ. ಸ್ವಂತಕ್ಕೆ ಸಾಕುವವರು ಬರೀ ಚೀಲದ ಬೆಲೆ ನೋಡಬಾರದು, ಕಿಲೋ ಆಹಾರದ ಬೆಲೆಯನ್ನು ಎಫ್‌ಸಿಆರ್‌ನಿಂದ ಗುಣಿಸಿ ನೋಡಬೇಕು. ಕೆಳಗಿನ ಬೆಲೆಗಳು ಲೆಕ್ಕ ತಿಳಿಸಲು ಹಿಡಿದ ಉದಾಹರಣೆ ಮಾತ್ರ. ನಿಮ್ಮ ಊರಿನ ಈ ವಾರದ ಬೆಲೆ ಹಾಕಿ ನೀವೇ ಗುಣಿಸಿಕೊಳ್ಳಿ.

ಪುಡಿ ಆಹಾರ ಕಿಲೋಗೆ 38 ರೂಪಾಯಿ, ಎಫ್‌ಸಿಆರ್ 1.80 ಎಂದಿಟ್ಟುಕೊಳ್ಳಿ. ಒಂದು ಕಿಲೋ ಕೋಳಿಗೆ ಆಹಾರದ ಖರ್ಚು 68 ರೂಪಾಯಿ 40 ಪೈಸೆ. ಗಟ್ಟಿ ಗುಳಿಗೆ ಕಿಲೋಗೆ 40 ರೂಪಾಯಿ, ಎಫ್‌ಸಿಆರ್ 1.65 ಆದರೆ ಖರ್ಚು 66 ರೂಪಾಯಿ. ಎರಡು ರೂಪಾಯಿ ಹೆಚ್ಚು ಕೊಟ್ಟ ಗುಳಿಗೆಯೇ ಅಗ್ಗವಾಯಿತು. ಇನ್ನು ಅದೇ 40 ರೂಪಾಯಿಯ ಗುಳಿಗೆ ಪುಡಿಯಾಗಿ ಬಂದು ಎಫ್‌ಸಿಆರ್ 1.75ಕ್ಕೆ ಹೋದರೆ ಖರ್ಚು 70 ರೂಪಾಯಿ. ಈಗ ಅದು ಪುಡಿ ಆಹಾರಕ್ಕಿಂತಲೂ ದುಬಾರಿ. 1.65ಕ್ಕೂ 1.75ಕ್ಕೂ ಇರುವ ವ್ಯತ್ಯಾಸ ಕಾಗದದ ಮೇಲೆ ಚಿಕ್ಕದು. ಎರಡು ಕಿಲೋ ತೂಗುವ ಸಾವಿರ ಕೋಳಿಗೆ ಅದು 200 ಕಿಲೋ ಆಹಾರ, ಅಂದರೆ ಐವತ್ತು ಕಿಲೋದ ನಾಲ್ಕು ಚೀಲ, 8000 ರೂಪಾಯಿ.

ಮಾಂಸದ ಕೋಳಿ ಸಾಕಣೆಯ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಆಹಾರದ್ದೇ. ಹಾಗಾಗಿ ಬೇರೆಲ್ಲಿ ಹತ್ತು ಉಳಿಸಿದರೂ ಇಲ್ಲಿ ನೂರು ಸೋರಿದರೆ ಪ್ರಯೋಜನವಿಲ್ಲ.

ಒಪ್ಪಂದದ ರೈತನ ಪಾಡು

1990ರ ದಶಕದಲ್ಲಿ ಕೊಯಮತ್ತೂರು, ಪಲ್ಲಡಂ, ಉಡುಮಲೈ ಕಡೆ ಬೇರುಬಿಟ್ಟ ಒಪ್ಪಂದದ ಸಾಕಣೆ ನಂತರ ನಮ್ಮ ಕಡೆಗೂ ಬಂತು. ಬೆಲೆ ಕುಸಿದಾಗ ರೈತ ಮುಳುಗದಂತೆ ಅದು ಕಾಪಾಡಿದೆ, ಇದನ್ನು ಮರೆಯಬಾರದು. ಆದರೆ ಸಾಕಣೆ ಕೂಲಿಯ ಲೆಕ್ಕ ಹೇಗಿದೆ ನೋಡಿ. ಕಡಿಮೆ ಆಹಾರದಲ್ಲಿ ಹೆಚ್ಚು ತೂಕ ತಂದವನಿಗೆ ಕಿಲೋಗೆ ಇಷ್ಟು ಎಂದು ಪ್ರೋತ್ಸಾಹಧನ. ಎಫ್‌ಸಿಆರ್ ಕೆಟ್ಟರೆ ಕಡಿತ. ಆಹಾರ ತಯಾರಿಸಿದವರು ಒಬ್ಬರು, ಲಾರಿಯಲ್ಲಿ ತಂದವರು ಇನ್ನೊಬ್ಬರು, ಕಡಿತ ಮಾತ್ರ ರೈತನ ಹೆಸರಿನಲ್ಲಿ. ಗುಳಿಗೆ ಗಟ್ಟಿಯಾಗಿತ್ತೇ, ಪುಡಿಯಾಗಿತ್ತೇ ಎಂದು ಬರೆಯಲು ಬ್ಯಾಚ್ ಕಾರ್ಡಿನಲ್ಲಿ ಒಂದು ಕಾಲಂ ಇರುವುದನ್ನು ನಾವು ನೋಡಿಲ್ಲ. ಸತ್ತ ಕೋಳಿಯ ಎಣಿಕೆ ಇದೆ, ಔಷಧಿಯ ಲೆಕ್ಕ ಇದೆ, ತೂಕದ ಲೆಕ್ಕ ಇದೆ. ಪುಡಿಯ ಲೆಕ್ಕ ಇಲ್ಲ. ಬರೆಯದ ನಷ್ಟವನ್ನು ಯಾರೂ ಕಟ್ಟಿಕೊಡುವುದಿಲ್ಲ.

ನ್ಯಾಯವಾಗಿ ಹೇಳಬೇಕೆಂದರೆ ಪುಡಿಗೆ ಕಾರಣ ಎರಡೂ ಕಡೆ ಇರುತ್ತದೆ. ಕಾರ್ಖಾನೆಯಲ್ಲಿ ಹಬೆ ಸಾಲದಿದ್ದರೆ, ಎಣ್ಣೆ ಹೆಚ್ಚಾದರೆ, ಅಚ್ಚು ಸವೆದಿದ್ದರೆ, ಸರಿಯಾಗಿ ಆರಿಸದಿದ್ದರೆ ಗುಳಿಗೆ ಕಟ್ಟುವುದಿಲ್ಲ. ಗೋಧಿಯಲ್ಲಿರುವ ಅಂಟು ಜೋಳದಲ್ಲಿ ಇಲ್ಲದ್ದರಿಂದ ನಮ್ಮ ಜೋಳ ಸೋಯಾ ಆಹಾರವನ್ನು ಗಟ್ಟಿ ಮಾಡುವುದು ಸ್ವಲ್ಪ ಕಷ್ಟವೇ. ಇತ್ತ ನಮ್ಮ ಷೆಡ್ಡಿನಲ್ಲಿ ಚೀಲಗಳನ್ನು ಲಾರಿಯಿಂದ ಧೊಪ್ಪೆಂದು ಎಸೆಯುತ್ತಾರೆ, ಹತ್ತು ಹನ್ನೆರಡು ಎತ್ತರಕ್ಕೆ ಪೇರಿಸುತ್ತಾರೆ, ಮಕ್ಕಳು ಅದರ ಮೇಲೆ ಹತ್ತಿ ಆಡುತ್ತಾರೆ. ಕೇಳುವ ಮುಂಚೆ ನಮ್ಮ ಕಡೆಯ ತಪ್ಪು ತಿದ್ದಿಕೊಂಡರೆ ಕೇಳುವ ಬಾಯಿಗೂ ಬಲ ಬರುತ್ತದೆ.

ಜರಡಿಯೇ ಸಾಕ್ಷಿ

ಇದಕ್ಕೆ ದೊಡ್ಡ ಪ್ರಯೋಗಾಲಯ ಬೇಡ. ಒಂದು ಲೋಡ್ ಆಹಾರ ಬಂದ ಕೂಡಲೇ ಮೂರು ಚೀಲ ಆರಿಸಿ. ಪ್ರತಿಯೊಂದರ ಮೇಲೆ, ನಡುವೆ, ತಳದಿಂದ ಸ್ವಲ್ಪ ಸ್ವಲ್ಪ ತೆಗೆದು ಒಟ್ಟು ಒಂದು ಕಿಲೋ ತೂಗಿ. ರಾಗಿ ಕಾಳು ಕೆಳಗಿಳಿಯುವಷ್ಟು ತೂತಿನ ಜರಡಿಯಲ್ಲಿ ಮೆಲ್ಲಗೆ ಅಲ್ಲಾಡಿಸಿ. ಒತ್ತಿ ಉಜ್ಜಬೇಡಿ. ಕೆಳಗೆ ಬಿದ್ದದ್ದನ್ನು ತೂಗಿ. 100 ಗ್ರಾಂ ಬಿದ್ದರೆ ನೂರಕ್ಕೆ 10 ಭಾಗ ಪುಡಿ, 250 ಗ್ರಾಂ ಬಿದ್ದರೆ 25 ಭಾಗ. ಇದು ಗುಳಿಗೆಗೆ ಮಾತ್ರ. ನುಚ್ಚಿನ ಆಹಾರಕ್ಕೆ ಹಿಟ್ಟಿನ ಜರಡಿ ಬಳಸಿ. ಎರಡು ದಿನ ಬಿಟ್ಟು ಕೋಳಿ ತಿನ್ನುವ ಫೀಡರ್‌ನಿಂದಲೂ ಹೀಗೆಯೇ ತೆಗೆದು ನೋಡಿ. ಚೀಲದಲ್ಲಿ ಕಡಿಮೆ, ಫೀಡರ್‌ನಲ್ಲಿ ಜಾಸ್ತಿ ಎಂದರೆ ತಪ್ಪು ನಮ್ಮ ಕಡೆ ಇದೆ ಎಂದು ತಿಳಿಯಿರಿ.

ನೂರಕ್ಕೆ 10ರ ಒಳಗಿದ್ದರೆ ಒಳ್ಳೆಯ ಆಹಾರವೆಂದು ನಾವು ಹೇಳುತ್ತೇವೆ. 20 ದಾಟಿದರೆ ಅದೇ ದಿನ ಸೂಪರ್‌ವೈಸರ್‌ಗೆ ತೋರಿಸಿ, ದಿನಾಂಕ ಮತ್ತು ಚೀಲದ ಮೇಲಿನ ಬ್ಯಾಚ್ ಸಂಖ್ಯೆ ಸಮೇತ ಬರೆದು ಸಹಿ ಕೇಳಿ. ಒಬ್ಬನೇ ಕೇಳಿದರೆ ಗೊಣಗಾಟ ಎನ್ನುತ್ತಾರೆ, ಊರಿನ ಹತ್ತು ಷೆಡ್ಡಿನವರು ಒಂದೇ ಜರಡಿಯಿಂದ ಅಳೆದು ಒಂದೇ ಹಾಳೆಯಲ್ಲಿ ಬರೆದು ಕೊಟ್ಟರೆ ಅದು ಲೆಕ್ಕ. ಮುಂದಿನ ಒಪ್ಪಂದಕ್ಕೆ ಸಹಿ ಹಾಕುವಾಗ ಪುಡಿಯ ಪ್ರಮಾಣ ಇಷ್ಟು ಮೀರಿದರೆ ಎಫ್‌ಸಿಆರ್ ಕಡಿತವಿಲ್ಲ ಎಂಬ ಒಂದು ಸಾಲು ಸೇರಿಸುವಂತೆ ಎಲ್ಲರೂ ಸೇರಿ ಕೇಳಬೇಕೆಂಬುದು ನಮ್ಮ ಸಲಹೆ. ಕಂಪನಿಗೂ ಇದರಿಂದ ನಷ್ಟವಿಲ್ಲ. ಆಹಾರ ಅವರದೇ, ಅದು ವ್ಯರ್ಥವಾಗದಿರುವುದು ಅವರಿಗೂ ಒಳಿತು.

ನಮ್ಮ ಗಡಿನಾಡಿನಲ್ಲಿ ಇನ್ನೊಂದು ತೊಡಕಿದೆ. ಚೀಲದ ಚೀಟಿ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ, ಒಪ್ಪಂದದ ಕಾಗದವೂ ಹಾಗೆಯೇ. ಮನೆಯಲ್ಲಿ ಕನ್ನಡ ಮಾತ್ರ ಓದಬಲ್ಲ ಹಿರಿಯರು ಸಹಿ ಮಾಡಿಬಿಡುತ್ತಾರೆ. ಶಾಲೆಗೆ ಹೋಗುವ ಮಕ್ಕಳಿಂದ ಪ್ರತಿ ಸಾಲನ್ನೂ ಓದಿಸಿ ಅರ್ಥ ಕೇಳಿ. ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ.

ಗುಳಿಗೆ ಎಲ್ಲಕ್ಕೂ ಮದ್ದಲ್ಲ

ಗುಳಿಗೆಯ ಪರವಾಗಿ ಇಷ್ಟು ಹೇಳಿದ ಮೇಲೆ ಅದರ ಮಿತಿಗಳನ್ನೂ ಹೇಳಬೇಕು. ಕೋಳಿ ಕೊಯ್ದಾಗ ಒಳಗೆ ಮರಳು, ಸಣ್ಣ ಕಲ್ಲು ಸಿಗುವ ಗಟ್ಟಿ ಮಾಂಸದ ಚೀಲ ಎಲ್ಲರಿಗೂ ಗೊತ್ತು. ಅದೇ ಕೋಳಿಯ ಬೀಸುಕಲ್ಲು. ದಪ್ಪ ಕಾಳು ತಿಂದ ಕೋಳಿಯಲ್ಲಿ ಅದು ದೊಡ್ಡದಾಗಿ, ಬಲವಾಗಿ ಬೆಳೆಯುತ್ತದೆ. ನುಣ್ಣಗೆ ಬೀಸಿ ಒತ್ತಿದ ಗುಳಿಗೆ ಹೊಟ್ಟೆಗೆ ಹೋಗುತ್ತಲೇ ಕರಗಿಬಿಡುವುದರಿಂದ ಬೀಸುಕಲ್ಲಿಗೆ ಕೆಲಸವಿಲ್ಲದೆ ಅದು ಚಿಕ್ಕದಾಗುತ್ತದೆ, ಒಳಗಿನ ಹುಳಿಯೂ ಕಡಿಮೆಯಾಗುತ್ತದೆ. ಹುಳಿ ಕಡಿಮೆಯಾದರೆ ಕೆಟ್ಟ ಸೂಕ್ಷ್ಮಾಣುಗಳಿಗೆ ದಾರಿ ಸಲೀಸು. ಅದಕ್ಕಾಗಿಯೇ ಡೆನ್ಮಾರ್ಕ್, ಹಾಲೆಂಡ್ ಕಡೆಯ ರೈತರು ಗುಳಿಗೆಯ ಜೊತೆ ಒಂದಿಷ್ಟು ಇಡೀ ಗೋಧಿ ಕಾಳು ಬೆರೆಸಿ ಕೊಡುತ್ತಾರೆ. ಗುಳಿಗೆ ಮಾಡುವ ಮುಂಚೆ ಜೋಳವನ್ನು ತೀರಾ ನುಣ್ಣಗೆ ಬೀಸಬಾರದೆಂಬ ಅರಿವು ತಯಾರಕರಲ್ಲೂ ಬೆಳೆಯುತ್ತಿದೆ.

ಎರಡನೆಯದು, ಬೇಗ ಬೆಳೆದ ಮೈಯನ್ನು ಹೃದಯ ಮತ್ತು ಶ್ವಾಸಕೋಶ ಹೊರಬೇಕು. ಗುಳಿಗೆ ತಿಂದು ದಿಢೀರನೆ ಕೊಬ್ಬಿದ ಕೋಳಿಗಳಲ್ಲಿ ಹೊಟ್ಟೆಯೊಳಗೆ ನೀರು ತುಂಬುವ ರೋಗ, ಮಗುಚಿಬಿದ್ದು ತಟ್ಟನೆ ಸಾಯುವುದು, ಕಾಲಿನ ಬಲಹೀನತೆ ಹೆಚ್ಚಾಗಿ ಕಾಣುತ್ತವೆ. ಚಳಿ ಮತ್ತು ಕೆಟ್ಟ ಗಾಳಿ ಇದನ್ನು ಉಲ್ಬಣಗೊಳಿಸುತ್ತವೆ. ಕ್ರಿಸ್ಮಸ್ ಮಾರಾಟಕ್ಕೆಂದು ನವೆಂಬರ್ ಎರಡನೇ ವಾರದಲ್ಲಿ ಮರಿ ಇಳಿಸುವವರು ನಮ್ಮಲ್ಲಿ ಬಹಳ. ನಮ್ಮ ಎತ್ತರದ ಊರುಗಳಲ್ಲಿ ಆಗ ಮೈ ಕೊರೆಯುವ ಚಳಿ. ಚಳಿಗೆ ಹೆದರಿ ಷೆಡ್ಡಿನ ಪರದೆಗಳನ್ನು ಬಿಗಿಯಾಗಿ ಮುಚ್ಚಿ, ಕಣ್ಣುರಿಯುವ ಅಮೋನಿಯಾ ವಾಸನೆಯಲ್ಲಿ ಗುಳಿಗೆ ಸುರಿದರೆ ಹಬ್ಬದ ಲಾಭ ಸತ್ತ ಕೋಳಿಯ ಗುಂಡಿಗೆ ಹೋಗುತ್ತದೆ. ಪರದೆಯ ಮೇಲ್ಭಾಗದಲ್ಲಿ ಗಾಳಿಯಾಡಲು ಬಿಡಿ. ರಾತ್ರಿ ಕೆಲವು ಗಂಟೆ ದೀಪ ಆರಿಸಿ. ಹಿಂದಿನ ಬ್ಯಾಚಿನಲ್ಲಿ ಹೊಟ್ಟೆನೀರು ಕಂಡಿದ್ದರೆ ಎರಡನೇ ವಾರದಲ್ಲಿ ಕೆಲವು ದಿನ ಪುಡಿ ಆಹಾರ ಕೊಟ್ಟು ಓಟ ತಗ್ಗಿಸಬಹುದೇ ಎಂದು ಪಶುವೈದ್ಯರನ್ನು ಕೇಳಿ. ಸ್ವಲ್ಪ ನಿಧಾನವಾಗಿ ಬೆಳೆದು ಬದುಕಿದ ಕೋಳಿ, ಬೇಗ ಬೆಳೆದು ಸತ್ತ ಕೋಳಿಗಿಂತ ಮೇಲು.

ಮೂರನೆಯದು ಕಣ್ಣಿಗೆ ಕಾಣದ್ದು. ಪುಡಿಯಲ್ಲಿ ಬೂಷ್ಟು ಹಿಡಿದ ಜೋಳ, ಹೊಟ್ಟು, ಮರಳು ಇದ್ದರೆ ಅಂಗೈಯಲ್ಲಿ ಹಾಕಿ ನೋಡಿದರೆ ಗೊತ್ತಾಗುತ್ತದೆ. ಗುಳಿಗೆಯೊಳಗೆ ಎಲ್ಲವೂ ಮುಚ್ಚಿಹೋಗುತ್ತದೆ. ಗುಳಿಗೆ ಮಾಡುವ ಬಿಸಿಗೆ ಬೂಷ್ಟು ಬಹಳಮಟ್ಟಿಗೆ ಸಾಯುತ್ತದೆ, ರೋಗಾಣುಗಳೂ ಕಡಿಮೆಯಾಗುತ್ತವೆ. ಆದರೆ ಬೂಷ್ಟು ಬಿಟ್ಟುಹೋದ ಅಫ್ಲಾಟಾಕ್ಸಿನ್ ಎಂಬ ವಿಷ ಆ ಬಿಸಿಗೆ ಜಗ್ಗುವುದಿಲ್ಲ. ಮಳೆಯಲ್ಲಿ ಕೊಯ್ದು ಸರಿಯಾಗಿ ಒಣಗಿಸದ ಜೋಳದಿಂದ ಮಾಡಿದ ಗುಳಿಗೆ ಎಷ್ಟೇ ಹೊಳೆದರೂ ಕೋಳಿಯ ಈಲಿಯನ್ನು ಕೆಡಿಸುತ್ತದೆ. ಸಂಶಯ ಬಂದರೆ ನಾಮಕ್ಕಲ್ ಪಶುವೈದ್ಯ ಕಾಲೇಜಿನ ಆಹಾರ ಪರೀಕ್ಷಾಲಯಕ್ಕೆ ಮಾದರಿ ಕಳಿಸಬಹುದು. ಕೋಳಿ ಸಾಕಣೆಯ ಕಾಲೇಜಂತೂ ನಮ್ಮ ಮತ್ತಿಗಿರಿಯಲ್ಲೇ ಇದೆ. ಹೋಗಿ ಕೇಳಲು ಹಿಂಜರಿಯಬೇಡಿ.

ಆಹಾರದಲ್ಲಿ ಸೇರಿರುವ ಔಷಧಿಯ ವಿಷಯವೂ ಹೀಗೆಯೇ. ಮನುಷ್ಯರಿಗೆ ಕೊನೆಯ ಆಸರೆಯಾದ ಕೊಲಿಸ್ಟಿನ್ ಎಂಬ ಔಷಧಿಯನ್ನು ಕೋಳಿ ಮತ್ತಿತರ ಆಹಾರ ಪ್ರಾಣಿಗಳಿಗೆ ಕೊಡುವುದನ್ನು ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಿತು. ಯಾವ ಔಷಧಿ ಬೆರೆತಿದೆ, ಮಾರುವ ಎಷ್ಟು ದಿನ ಮುಂಚೆ ನಿಲ್ಲಿಸಬೇಕು ಎಂದು ಕೇಳುವುದು ನಮ್ಮ ಹಕ್ಕು. ಆ ಕೋಳಿಯನ್ನು ತಿನ್ನುವವರಲ್ಲಿ ನಮ್ಮ ಮಕ್ಕಳೂ ಇದ್ದಾರೆ.

ಮನೆಯಲ್ಲೇ ಪುಡಿ ಬೆರೆಸುವವರಿಗೆ

ಸ್ವಂತ ಜೋಳ ಇರುವವರು ಮಿಲ್ಲಿನಲ್ಲಿ ಒಡೆಸಿ ಪುಡಿ ಆಹಾರ ಮಾಡಿಕೊಳ್ಳುವುದನ್ನು ನಾವು ಹೀಗಳೆಯುವುದಿಲ್ಲ. ಆದರೆ ಜೋಳವನ್ನು ರೊಟ್ಟಿ ಹಿಟ್ಟಿನಂತೆ ಬೀಸಿಸಬೇಡಿ. ಉಪ್ಪಿಟ್ಟಿನ ದಪ್ಪ ರವೆಯಷ್ಟಿರಲಿ, ಎಲ್ಲ ಚೂರೂ ಹೆಚ್ಚುಕಡಿಮೆ ಒಂದೇ ಗಾತ್ರದಲ್ಲಿರಲಿ. ಆಗ ಆರಿಸಿ ತಿನ್ನುವುದು ಕಡಿಮೆಯಾಗುತ್ತದೆ, ಧೂಳೂ ಕಡಿಮೆ, ಬೀಸುಕಲ್ಲಿಗೂ ಕೆಲಸ. ಎಣ್ಣೆಯನ್ನು ಕೊನೆಯಲ್ಲಿ ಬೆರೆಸಿದರೆ ಧೂಳು ಅಡಗುತ್ತದೆ. ಹಾಕುವ ಹೊತ್ತಿಗೆ ನೀರು ಚಿಮುಕಿಸಿ ಉದುರುದುರಾಗಿ ಕಲಸಿ ಕೊಟ್ಟರೆ ಕೋಳಿ ಹೆಚ್ಚು ತಿನ್ನುತ್ತದೆ. ಆದರೆ ಒಂದೆರಡು ಗಂಟೆಯಲ್ಲಿ ಮುಗಿಯುವಷ್ಟೇ ಕಲಸಿ. ಉಳಿದದ್ದು ಹುಳಿತು ಬೂಷ್ಟು ಹಿಡಿದರೆ ಉಳಿಸಿದ್ದಕ್ಕಿಂತ ಹೆಚ್ಚು ಕಳೆಯುತ್ತೀರಿ.

ಪುಡಿ ಸುರಿಯುವ ಕೆಲಸ ಹೆಚ್ಚಾಗಿ ಮನೆಯ ಹೆಣ್ಣುಮಕ್ಕಳದು. ಮುಚ್ಚಿದ ಷೆಡ್ಡಿನಲ್ಲಿ ದಿನಾ ಆ ಧೂಳು ಕುಡಿದರೆ ಕೆಮ್ಮು, ದಮ್ಮು ತಪ್ಪಿದ್ದಲ್ಲ. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ, ಎತ್ತರದಿಂದ ಸುರಿಯಬೇಡಿ, ಅಸ್ತಮಾ ಇರುವವರನ್ನು ಆ ಕೆಲಸಕ್ಕೆ ಕಳಿಸಬೇಡಿ. ಕೋಳಿಯ ತೂಕ ನೋಡುವವರು ಮನೆಯವರ ಉಸಿರನ್ನೂ ನೋಡಬೇಕು.

ಹಿತ್ತಲಲ್ಲಿ ನಾಟಿಕೋಳಿ, ಬೆಂಗಳೂರಿನ ಹೆಬ್ಬಾಳದಲ್ಲಿ ಅಭಿವೃದ್ಧಿಯಾದ ಗಿರಿರಾಜ, ಸ್ವರ್ಣಧಾರ ಸಾಕುವವರು ಗುಳಿಗೆಗೆ ದುಡ್ಡು ಸುರಿಯುವ ಅಗತ್ಯವಿಲ್ಲವೆಂದು ನಮ್ಮ ಅಭಿಪ್ರಾಯ. ಎಳೆಯದರಲ್ಲಿ ಕೆಲವು ವಾರ ನುಚ್ಚಿನ ಆಹಾರ ಕೊಟ್ಟರೆ ಸಾಕು. ಆಮೇಲೆ ಅವು ಕೆದಕಿ ಹುಳು ಹುಪ್ಪಟೆ ತಿಂದು, ಸಂಜೆಗೆ ಒಂದು ಹಿಡಿ ರಾಗಿ, ಒಡೆದ ಜೋಳದಲ್ಲಿ ಬೆಳೆಯುತ್ತವೆ. ಗುಳಿಗೆಯ ಲಾಭವೆಲ್ಲ ಕೂತಲ್ಲೇ ಬೆಳೆಯಲೆಂದು ತಳಿಮಾಡಿದ ಹಕ್ಕಿಗೆ. ಓಡಾಡಿ ಬದುಕುವ ಹಕ್ಕಿಗೆ ಆ ಲೆಕ್ಕ ಒಪ್ಪುವುದಿಲ್ಲ.

ಷೆಡ್ಡಿನಲ್ಲಿ ನೆನಪಿಡಬೇಕಾದವು

ಮೊದಲ ಹತ್ತು ಹನ್ನೆರಡು ದಿನ ನುಚ್ಚಿನ ಆಹಾರವನ್ನೇ ಕೊಡಿ. ಮರಿ ಇಳಿಸಿದ ದಿನ ನೆಲದ ಮೇಲೆ ಕಾಗದ ಹಾಸಿ ಅದರ ಮೇಲೂ ಆಹಾರ ಚೆಲ್ಲಿ. ಮಾರನೆಯ ದಿನ ಅದೇ ಹೊತ್ತಿಗೆ ಮರಿಗಳ ಕೊರಳ ಬುಡದ ಚೀಲ ಮುಟ್ಟಿ ನೋಡಿ. ನೂರರಲ್ಲಿ 95 ಮರಿಗಳದ್ದಾದರೂ ಮೆತ್ತಗೆ ತುಂಬಿರಬೇಕು.

ನುಚ್ಚಿನಿಂದ ಗುಳಿಗೆಗೆ ಒಂದೇ ದಿನ ಬದಲಾಯಿಸಬೇಡಿ. ಮೂರು ದಿನ ಬೆರೆಸಿ ಕೊಡಿ.

ಫೀಡರ್‌ನ ಅಂಚು ಕೋಳಿಯ ಬೆನ್ನಿನ ಮಟ್ಟಕ್ಕಿರಲಿ. ವಾರಕ್ಕೊಮ್ಮೆ ಏರಿಸಿ. ಅಂಚಿನವರೆಗೆ ತುಂಬಬೇಡಿ.

ಹಳೆಯ ಪುಡಿಯ ಮೇಲೆ ಹೊಸ ಗುಳಿಗೆ ಸುರಿಯುತ್ತಾ ಹೋಗಬೇಡಿ. ಮರಿ ಎರಡು ವಾರ ದಾಟಿದ ಮೇಲೆ ದಿನಕ್ಕೊಮ್ಮೆ ಫೀಡರ್ ಖಾಲಿಯಾಗಲು ಬಿಟ್ಟರೆ ತಳದ ಪುಡಿಯನ್ನೂ ಕೋಳಿ ತಿಂದು ಮುಗಿಸುತ್ತದೆ. ಬೇಸಿಗೆಯಲ್ಲಿ ಈ ಬಿಡುವನ್ನು ನಡುಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ, ತಂಪು ಹೊತ್ತಿನಲ್ಲಿ ತಿನ್ನಲಿ.

ಕೋಳಿ ತಿನ್ನುವ ಆಹಾರದ ತೂಕದ ಸುಮಾರು ಎರಡರಷ್ಟು ನೀರು ಕುಡಿಯುತ್ತದೆ. ಗುಳಿಗೆ ತಿನ್ನುವ ಷೆಡ್ಡಿನಲ್ಲಿ ನೀರು ನಿಂತರೆ ಬೆಳವಣಿಗೆಯೂ ನಿಂತಂತೆ.

ಚೀಲಗಳನ್ನು ಹಲಗೆಯ ಮೇಲೆ, ಗೋಡೆಯಿಂದ ಒಂದಡಿ ಬಿಟ್ಟು ಇಡಿ. ಮೊದಲು ಬಂದದ್ದನ್ನು ಮೊದಲು ಖರ್ಚು ಮಾಡಿ.

ಕೊನೆಯದಾಗಿ

ಪುರಟ್ಟಾಸಿ ತಿಂಗಳಲ್ಲಿ ತಮಿಳುನಾಡಿನಲ್ಲಿ ಕೋಳಿಯ ಬೆಲೆ ಇಳಿಯುವುದು, ನಂತರ ಹಬ್ಬಗಳಿಗೆ ಏರುವುದು ನಮ್ಮ ಕೈಯಲ್ಲಿಲ್ಲ. ಜೋಳದ ಬೆಲೆಯೂ ನಮ್ಮ ಕೈಯಲ್ಲಿಲ್ಲ. ಚೀಲದಿಂದ ಕೊಕ್ಕಿನವರೆಗಿನ ಹತ್ತು ಹೆಜ್ಜೆ ದಾರಿ ಮಾತ್ರ ನಮ್ಮ ಕೈಯಲ್ಲಿದೆ. ಆ ದಾರಿಯಲ್ಲಿ ಎಷ್ಟು ಪುಡಿಯಾಯಿತು, ಎಷ್ಟು ಚೆಲ್ಲಿತು, ಎಷ್ಟು ಕೆಟ್ಟಿತು ಎಂಬುದನ್ನು ಅಳೆಯದೆ “ಈ ಸಲ ಬ್ಯಾಚ್ ಕೈಕೊಟ್ಟಿತು” ಎಂದು ಹಣೆಬರಹವನ್ನು ಹಳಿಯುವುದು ಸರಿಯಲ್ಲ. ಹಾಗೆಯೇ ನಮ್ಮದಲ್ಲದ ನಷ್ಟವನ್ನು ಬಾಯಿಮುಚ್ಚಿ ಹೊರುವುದೂ ಸರಿಯಲ್ಲ.

ಮುಂದಿನ ಲೋಡ್ ಬಂದ ದಿನ ಒಂದು ಜರಡಿ, ಒಂದು ತಕ್ಕಡಿ, ಒಂದು ನೋಟುಪುಸ್ತಕ ಷೆಡ್ಡಿನ ಬಾಗಿಲಲ್ಲಿ ಸಿದ್ಧವಾಗಿರಲಿ. ಮೂರು ಬ್ಯಾಚು ಹೀಗೆ ಬರೆದಿಟ್ಟ ಹತ್ತು ಕುಟುಂಬಗಳು ಒಟ್ಟಿಗೆ ಕುಳಿತರೆ, ಅವರ ಮಾತನ್ನು ಯಾವ ಕಂಪನಿಯೂ ತಳ್ಳಿಹಾಕುವುದು ಸುಲಭವಲ್ಲ.